ಅಬ್ಸರ್ವರ್ ಕಲಿಕೆ: ಕೇಳುವ ತನಕ ಸುಮ್ಮನಿರುವುದು

ಡಿಸ್ಕ್ (ಫ್ರಿಸ್ಬಿ ತಟ್ಟೆ) ಎಸೆದು ಹಿಡಿದು ಆಡುವ ಅಲ್ಟಿಮೇಟ್‌ನಲ್ಲಿ ಸಾಮಾನ್ಯವಾಗಿ ಅಂಪೈರ್ ಇಲ್ಲ. 1968ರಲ್ಲಿ ನ್ಯೂಜೆರ್ಸಿಯ ಕೊಲಂಬಿಯಾ ಹೈಸ್ಕೂಲಿನ ಹುಡುಗರು ಶುರುಮಾಡಿದ ಈ ಆಟದಲ್ಲಿ ಫೌಲ್ ಅಂತ ಕೂಗುವವರೂ ಆಟಗಾರರೇ, ಒಪ್ಪುವವರೂ ಅವರೇ. ಕಬಡ್ಡಿ, ವಾಲಿಬಾಲ್ ಆಡಿ ಬಂದ ನಮಗೆ ಇದು ಒಗ್ಗಲು ಸಮಯ ಬೇಕು.

ಅಮೆರಿಕದ ದೊಡ್ಡ ಪಂದ್ಯಗಳಲ್ಲಿ ಅಬ್ಸರ್ವರ್ ನಿಲ್ಲುತ್ತಾರೆ. ಗೆರೆಯ ತೀರ್ಪು, ಗೋಲ್, ಪುಲ್ (ಪಾಯಿಂಟ್ ಶುರುಮಾಡುವ ಎಸೆತ) ಎಸೆಯುವಾಗ ಆಫ್‌ಸೈಡ್ (ಮೊದಲೇ ಗೆರೆ ದಾಟುವುದು), ಸಮಯ: ಇವನ್ನು ಯಾರೂ ಕೇಳದಿದ್ದರೂ ಅವರೇ ಹೇಳುತ್ತಾರೆ. ಫೌಲ್, ಪಿಕ್ (ಎದುರಾಳಿಯ ಹಿಂದೆ ಓಡುವವನಿಗೆ ಇನ್ನೊಬ್ಬರು ಅಡ್ಡವಾಗುವುದು) ಇಂಥವು ಮೊದಲು ಆಟಗಾರರ ಮಾತು. ಅವರಲ್ಲಿ ಬಗೆಹರಿಯದೆ ಅಬ್ಸರ್ವರ್ ಕಡೆ ತಿರುಗಿದರೆ ಮಾತ್ರ ತೀರ್ಪು, ಆಮೇಲೆ ಅದೇ ಅಂತಿಮ. ವಿಶ್ವ ಒಕ್ಕೂಟ ಡಬ್ಲ್ಯೂಎಫ್‌ಡಿಎಫ್‌ನ ಗೇಮ್ ಅಡ್ವೈಸರ್ ಬೇರೆ: ತಾವು ಕಂಡದ್ದನ್ನು, ನಿಯಮವನ್ನು ತಿಳಿಸುತ್ತಾರೆ, ನಿರ್ಧಾರ ಆಟಗಾರರದ್ದೇ. ಇವೆರಡನ್ನು ಬೆರೆಸಿಕೊಳ್ಳಬೇಡಿ.

ವಾಲಿಬಾಲ್ ಅಭ್ಯಾಸ ಇದ್ದವರು ಗೆರೆಯಲ್ಲಿ ಎಡವುತ್ತಾರೆ. ಅಲ್ಲಿ ಚೆಂಡು ಗೆರೆ ಮುಟ್ಟಿದರೆ ಒಳಗೆ. ಇಲ್ಲಿ ಅಂಚಿನ ಗೆರೆ ಮೈದಾನಕ್ಕೆ ಸೇರಿದ್ದೇ ಅಲ್ಲ, ಹಿಡಿದವರ ಕಾಲು ಅದರ ಮೇಲೆ ಬಿದ್ದರೆ ಹೊರಗೆ. ಗೋಲ್ ಗೆರೆಯೂ ಎಂಡ್ ಝೋನ್‌ಗೆ, ಅಂದರೆ ಡಿಸ್ಕ್ ಹಿಡಿದರೆ ಗೋಲ್ ಆಗುವ ಜಾಗಕ್ಕೆ, ಸೇರಿಲ್ಲ. ಹಾಗಾಗಿ ಡಿಸ್ಕ್ ಗಾಳಿಯಲ್ಲಿದ್ದಾಗಲೇ ಓಡಿ ಗೆರೆಯ ನೇರಕ್ಕೆ ನಿಲ್ಲಬೇಕು, ಡಿಸ್ಕ್ ನೋಡುತ್ತಾ ನಿಂತರೆ ಕಾಲು ತಪ್ಪಿಹೋಗುತ್ತದೆ.

ನನಗೆ ನಿಜಕ್ಕೂ ಕಷ್ಟವಾದದ್ದು ಸುಮ್ಮನಿರುವುದು. ಮೈಸೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ನಮ್ಮಲ್ಲೇ ಅಭ್ಯಾಸ ಪಂದ್ಯ. ನಾನು ಅಬ್ಸರ್ವರ್ ಆಗಿ ನಿಂತಿದ್ದೆ. ಡಿಸ್ಕ್‌ಗೆ ಇಬ್ಬರೂ ಹಾರಿದರು, ಭುಜಕ್ಕೆ ಭುಜ ತಾಗಿತು, ಡಿಸ್ಕ್ ಕೆಳಗೆ. “ಫೌಲ್!” “ಇಲ್ಲ ಮಗಾ, ನಾನು ಡಿಸ್ಕನ್ನೇ ಮೊದಲು ಮುಟ್ಟಿದ್ದು.” ನಾನು ಸ್ಪಷ್ಟವಾಗಿ ಕಂಡಿದ್ದೆ, ಬಾಯಿ ತೆರೆದೂ ಆಗಿತ್ತು. ಪಕ್ಕದಲ್ಲಿದ್ದ ಸೀನಿಯರ್ ಅಕ್ಕ, “ನಿನ್ನನ್ನು ಯಾರು ಕೇಳಿದರು? ತಡಿ” ಅಂದರು. ಇನ್ನೆರಡು ಮಾತು ಆಡುವಷ್ಟರಲ್ಲಿ ತಡೆಯುತ್ತಿದ್ದವನೇ, “ಹೌದು, ನಿನ್ನ ಕೈ ಎಳೆದಂಗಾಯ್ತು” ಅಂತ ಡಿಸ್ಕ್ ಕೊಟ್ಟುಬಿಟ್ಟ. ನಾನು ಮೊದಲೇ ಹೇಳಿದ್ದರೆ ಅವನಿಗೆ ತಾನಾಗಿ ಒಪ್ಪುವ ಅವಕಾಶವೇ ಇರುತ್ತಿರಲಿಲ್ಲ. ಈ ಆಟದ ಜೀವ ಇರುವುದೇ ಅಲ್ಲಿ ಅಂತ ನಾನು ನಂಬುತ್ತೇನೆ.

ಅಂಥ ಜಾಗದಲ್ಲಿ ಕೇಳಿದರೆ ಏನು ಹೇಳಬೇಕು? ಫೌಲ್ ಆಗಿದ್ದರೆ ಹಿಡಿಯಲು ಹೋದವನಿಗೆ ಡಿಸ್ಕ್. ಆಗಿಲ್ಲದಿದ್ದರೆ ಟರ್ನೋವರ್, ಎದುರಿನ ತಂಡಕ್ಕೆ. ಇನ್ನು ನಿಮಗೆ ಅಡ್ಡ ಬಂದ ಬೆನ್ನೊಂದೇ ಕಂಡಿದ್ದರೆ ಊಹಿಸಬೇಡಿ. “ನನಗೆ ಕಾಣಲಿಲ್ಲ” ಅನ್ನಿ, ಡಿಸ್ಕ್ ಎಸೆದವನಿಗೆ ಹಿಂದಿರುಗಲಿ.