ನಿಂತ ಪದ್ಮಿನಿ ಏಕೆ ಏಳಲಿಲ್ಲ: ಸ್ಟಾರ್ಟಿಂಗ್ ಸರ್ಕಿಟ್ ಕುರಿತ ಅಧ್ಯಯನ ಟಿಪ್ಪಣಿ

ಧಾರವಾಡದ ಮಾಳಮಡ್ಡಿಯಲ್ಲಿ, ಹಳೆಯ ಮನೆಯೊಂದರ ಹಿತ್ತಲಿನ ತಗಡಿನ ಶೆಡ್ಡಿನೊಳಗೆ ಆರು ಮಳೆಗಾಲ ಕಳೆದಿದ್ದ ಪ್ರೀಮಿಯರ್ ಪದ್ಮಿನಿ ಕಾರೊಂದನ್ನು ಅದರ ಮಾಲೀಕರು ನಮ್ಮ ಅಭ್ಯಾಸಕ್ಕೆಂದು ಬಿಟ್ಟುಕೊಟ್ಟಿದ್ದರು. ಆಟೋ ಎಲೆಕ್ಟ್ರಿಕಲ್ ಕೆಲಸ ಕಲಿಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗಲಾರದು. ಫಿಯಟ್ 1100ರ ವಂಶಕ್ಕೆ ಸೇರಿದ ಈ 1089 ಸಿಸಿ ಎಂಜಿನ್ನಿನ ಗಾಡಿಯಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. 12 ವೋಲ್ಟಿನ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಎಲ್ಲಿ ಹೋಗಿ ಎಲ್ಲಿಂದ ಮರಳುತ್ತದೆ ಎಂಬುದನ್ನು ಕಣ್ಣಿನಿಂದಲೇ ಹಿಂಬಾಲಿಸಬಹುದು. ಹಾಗಿದ್ದೂ ನಾವು ಮೊದಲ ಭಾನುವಾರವನ್ನು ಪೂರ್ತಿ ಹಾಳು ಮಾಡಿಕೊಂಡೆವು. ಆ ತಪ್ಪಿನಿಂದಲೇ ಈ ಟಿಪ್ಪಣಿ ಹುಟ್ಟಿದೆ.

ಬಹುಕಾಲ ನಿಂತ ಗಾಡಿಯಲ್ಲಿ ಭಾಗಗಳು ಸವೆದಿರುವುದಿಲ್ಲ. ಕೂಡುವ ಜಾಗಗಳು ಕೆಟ್ಟಿರುತ್ತವೆ. ಈ ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಹಗುರಾಗುತ್ತದೆ. ತಾಮ್ರದ ಲಗ್ಗು (ಕೇಬಲ್ಲಿನ ತುದಿಯ ಬಳೆ), ಕಬ್ಬಿಣದ ಬೋಲ್ಟು, ಸೀಸದ ಟರ್ಮಿನಲ್ ಹೀಗೆ ಬೇರೆ ಬೇರೆ ಲೋಹಗಳು ತಾಗಿಕೊಂಡಿರುವಲ್ಲಿ ತೇವ ಸೇರಿದರೆ ನಡುವೆ ತುಕ್ಕಿನ, ಕಿಲುಬಿನ ಪದರ ಬೆಳೆಯುತ್ತದೆ. ಧಾರವಾಡದ ಜಿಟಿಜಿಟಿ ಮಳೆ ವಾರಗಟ್ಟಲೆ ಶೆಡ್ಡನ್ನು ಒಣಗಲು ಬಿಡುವುದಿಲ್ಲವಾದ್ದರಿಂದ, ಗದಗಿನ ಒಣ ಹವೆಯಲ್ಲಿ ನಿಂತ ಗಾಡಿಗಿಂತ ಇಲ್ಲಿನ ಗಾಡಿಯ ಜೋಡಣೆಗಳನ್ನು ಹೆಚ್ಚು ಅನುಮಾನದಿಂದ ನೋಡಬೇಕು. ಅದರ ಮೇಲೆ ಎರೆಮಣ್ಣಿನ ನುಣುಪು ಧೂಳು ಕೂತರೆ ತೇವ ಅಲ್ಲಿಯೇ ಹಿಡಿದು ನಿಲ್ಲುತ್ತದೆ. ಇಲಿಗಳು ವೈರಿನ ಹೊದಿಕೆ ಕಡಿದಿರುವುದು, ಎಂಜಿನ್ನನ್ನು ಮೊದಲು ತಿರುಗಿಸುವ ಸೆಲ್ಫ್ ಮೋಟರಿನೊಳಗೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ತಮ್ಮ ಗೂಡಿನಲ್ಲಿ ಅಂಟಿಕೊಂಡಿರುವುದು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ (ತೆರೆದು ಮುಚ್ಚುವ ಸಂಪರ್ಕಗಳ) ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಕಟ್ಟಿರುವುದು ಇವೂ ಸಾಮಾನ್ಯ.

ಕೀಲಿ ತಿರುಗಿಸುವ ಮುಂಚೆ ಮಾಡಬೇಕಾದವು ಕೆಲವಿವೆ. ಗಾಡಿ ನ್ಯೂಟ್ರಲ್‌ನಲ್ಲಿರಬೇಕು, ಗಾಲಿಗಳಿಗೆ ಇಟ್ಟಿಗೆ ಕೊಟ್ಟಿರಬೇಕು, ಪೆಟ್ರೋಲಿನ ವಾಸನೆ ಎಲ್ಲಿಯೂ ಇರಬಾರದು. ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಹಾಕಿ, ಎಂಜಿನ್ ಕೈಯಿಂದ ತಿರುಗುತ್ತದೆಯೇ ಎಂದು ನೋಡಬೇಕು. ಒಳಗೆ ಹಿಡಿದುಕೊಂಡ ಎಂಜಿನ್ನಿಗೆ ಸೆಲ್ಫ್ ಹೊಡೆದು ಬ್ಯಾಟರಿಯನ್ನು ದೂರುವುದು ನ್ಯಾಯವಲ್ಲ. ಬ್ಯಾಟರಿ ಬಿಚ್ಚುವಾಗ ಅರ್ಥ್ (ಗಾಡಿಯ ಲೋಹದ ಮೈಗೆ ಕೂಡಿದ) ಬದಿಯ ಟರ್ಮಿನಲ್ ಮೊದಲು, ಕೂಡಿಸುವಾಗ ಅದೇ ಕೊನೆಗೆ. ಕಾರಣ ಸರಳ: ಅರ್ಥ್ ಬಿಚ್ಚಿದ ಮೇಲೆ ಇನ್ನೊಂದು ಟರ್ಮಿನಲ್ಲಿನ ಮೇಲಿರುವ ಸ್ಪ್ಯಾನರ್ ಗಾಡಿಯ ಲೋಹಕ್ಕೆ ತಾಗಿದರೂ ಕಿಡಿ ಹಾರುವುದಿಲ್ಲ. ಪದ್ಮಿನಿಯಲ್ಲಿ ನೆಗೆಟಿವ್ ಅರ್ಥ್ ಇದೆ. ಆದರೆ ಬ್ರಿಟಿಷ್ ವಿನ್ಯಾಸದ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಬದಿಯೇ ಅರ್ಥ್ ಆಗಿರುವುದುಂಟು, ಆದ್ದರಿಂದ ನೋಡದೆ ಕೇಬಲ್ ಕೂಡಿಸಬಾರದು.

ಇನ್ನು ಬ್ಯಾಟರಿ. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲದ ಬ್ಯಾಟರಿ, ಯಾವ ಹೊರೆಯೂ (ವಿದ್ಯುತ್ತು ಎಳೆಯುವ ಸಾಧನ) ಇಲ್ಲದೆ ಕೆಲವು ಗಂಟೆ ನಿಂತ ಮೇಲೆ, ಸುಮಾರು 12.6 ವೋಲ್ಟ್ ತೋರಿಸಬೇಕು, 12.2 ಇದ್ದರೆ ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದುವರಿಯುವುದರಲ್ಲಿ ಅರ್ಥವಿಲ್ಲ. ತಿಂಗಳುಗಟ್ಟಲೆ ಖಾಲಿಯಾಗಿ ಬಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂತುಬಿಡುವುದರಿಂದ ಅದು ಸಾಮಾನ್ಯವಾಗಿ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಆದ್ದರಿಂದ ಹತ್ತಿರ ಬೀಡಿ, ಕಿಡಿ ಯಾವುದೂ ಬೇಡ.

ನಮ್ಮ ಗಾಡಿಗೆ ಹೊಸ ಬ್ಯಾಟರಿಯನ್ನೇ ಹಾಕಿದ್ದೆವು. ಮೀಟರ್ 12.6 ತೋರಿಸಿತು. ಕೀಲಿ ತಿರುಗಿಸಿದರೆ ಸೊಲೆನಾಯ್ಡ್ (ಸೆಲ್ಫಿಗೆ ವಿದ್ಯುತ್ತು ಬಿಡುವ ವಿದ್ಯುತ್ಕಾಂತದ ಸ್ವಿಚ್ಚು) ಒಮ್ಮೆ 'ಟಕ್' ಎಂದಿತು, ಸೆಲ್ಫ್ ತಿರುಗಲಿಲ್ಲ. ಅಲ್ಲಿಗೆ ಬಂದಿದ್ದ ಅನುಭವಿ ಮೇಸ್ತ್ರಿಯೊಬ್ಬರು, "ಬ್ಯಾಟರಿ ಹೊಸಾದೈತಿ, ಟಕ್ ಅಂತೈತಿ ಅಂದ್ರ ಸೆಲ್ಫ್ ಹೋಗೇತಿ ನೋಡ್ರಿ" ಎಂದರು. ನಾವು ಮೋಟರನ್ನು ಬಿಚ್ಚಿ, ಬ್ರಷ್ ತೆಗೆದು, ಬ್ರಷ್ ತಾಗುವ ಕಮ್ಯುಟೇಟರ್ ಒರೆಸಿ, ನೇರವಾಗಿ ಬ್ಯಾಟರಿಗೆ ಕೊಟ್ಟೆವು. ಮೋಟರ್ ಚೆನ್ನಾಗಿ ತಿರುಗಿತು. ಮರಳಿ ಕೂಡಿಸಿದರೆ ಮತ್ತೆ ಅದೇ ಟಕ್. ಅಷ್ಟರಲ್ಲಿ ಸಂಜೆಯಾಗಿತ್ತು. ಮೇಸ್ತ್ರಿಯವರ ಊಹೆಯಲ್ಲಿ ತಪ್ಪೇನಿರಲಿಲ್ಲ, ಊಹೆಯನ್ನು ಅಳೆಯದೆ ಪಾನಾ ಹಿಡಿದದ್ದು ನಮ್ಮ ತಪ್ಪು.

ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ನಾಲ್ಕೈದು ಸಲ ಕೀಲಿ ತಿರುಗಿಸಿದ ಮೇಲೆ ಚೋಕ್ (ತಣ್ಣಗಿನ ಎಂಜಿನ್ನಿಗೆ ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಎಳೆಯಲು ಹೋದ ಗೆಳೆಯ ಕೈ ಹಿಂದಕ್ಕೆಳೆದುಕೊಂಡ: ಚೋಕ್ ಕೇಬಲ್ ಬಿಸಿಯಾಗಿತ್ತು. ಚೋಕ್ ಕೇಬಲ್ಲಿಗೂ ಸೆಲ್ಫಿಗೂ ಏನು ಸಂಬಂಧ? ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿರುತ್ತದೆ. ರಬ್ಬರಿನ ಮೂಲಕ ವಿದ್ಯುತ್ತು ಹರಿಯದು. ಆದ್ದರಿಂದ ಎಂಜಿನ್ನಿನಿಂದ ಗಾಡಿಯ ಬಾಡಿಗೆ ಹೆಣೆದ ತಾಮ್ರದ ಅರ್ಥ್ ಪಟ್ಟಿಯೊಂದನ್ನು ಕಟ್ಟಿರುತ್ತಾರೆ, ಸೆಲ್ಫ್ ಎಳೆಯುವ ವಿದ್ಯುತ್ತೆಲ್ಲ ಅದರ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಆ ದಾರಿ ಕಟ್ಟಿಕೊಂಡಾಗ ವಿದ್ಯುತ್ತು ಕಾರ್ಬ್ಯುರೇಟರಿನಿಂದ ಡ್ಯಾಶ್‌ಬೋರ್ಡಿಗೆ ಬರುವ ಉಕ್ಕಿನ ತೆಳು ಕೇಬಲ್ಲನ್ನೇ ದಾರಿ ಮಾಡಿಕೊಳ್ಳುತ್ತದೆ. ಅಲ್ಲಿಂದ ಹೊಗೆ ಬರುವವರೆಗೂ ಸೆಲ್ಫ್ ಹೊಡೆದ ಉದಾಹರಣೆಗಳೂ ಇವೆ.

ಅರ್ಥ್ ಪಟ್ಟಿಯ ಎರಡೂ ತುದಿಗೆ ಮೀಟರಿನ ಕಡ್ಡಿ ಇಟ್ಟು ನಿರಂತರತೆ (ದಾರಿ ತುಂಡಾಗಿಲ್ಲವೇ ಎಂದು) ನೋಡಿದರೆ ಮೀಟರ್ 'ಬೀಪ್' ಎಂದಿತು. ಇಲ್ಲಿಯೇ ಕಲಿಯುವವರು ಎಡವುವುದು. ಬೀಪ್ ಪರೀಕ್ಷೆಯಲ್ಲಿ ಮೀಟರ್ ಹರಿಸುವ ವಿದ್ಯುತ್ತು ಒಂದು ಆಂಪಿಯರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಸೆಲ್ಫಿಗೆ ಬೇಕಾದದ್ದು ನೂರು ಆಂಪಿಯರಿಗೂ ಹೆಚ್ಚು. ನೂರು ಎಳೆಗಳಲ್ಲಿ ಎರಡು ಉಳಿದಿದ್ದರೂ ಮೊದಲನೆಯದಕ್ಕೆ ಸಾಕು. ಓಮ್‌ನ ನಿಯಮದಿಂದ ಲೆಕ್ಕ ಹಾಕಿ: ದಾರಿಯಲ್ಲಿ 0.07 ಓಮ್ ರೋಧವಿದ್ದು 100 ಆಂಪಿಯರ್ ಹರಿದರೆ 7 ವೋಲ್ಟ್ ಅಲ್ಲಿಯೇ ಕರಗಿಹೋಗುತ್ತದೆ. 0.07 ಓಮ್ ಅನ್ನು ಸಾಧಾರಣ ಮಲ್ಟಿಮೀಟರ್ ತೋರಿಸಲಾರದು, ಏಕೆಂದರೆ ಅದರ ಕಡ್ಡಿಗಳ ವೈರಿನ ರೋಧವೇ ಅದಕ್ಕಿಂತ ಹೆಚ್ಚಿರುತ್ತದೆ. ಹಾಗಾಗಿ ದಪ್ಪ ಕೇಬಲ್ಲಿನ ದೋಷವನ್ನು ಓಮ್‌ನಲ್ಲಿ ಹುಡುಕಬಾರದು. ಹೊರೆ ಹಾಕಿ, ವೋಲ್ಟಿನಲ್ಲಿ ಹುಡುಕಬೇಕು.

ವಿಧಾನ ಹೀಗಿದೆ. ಎಂಜಿನ್ ಹತ್ತಿಕೊಳ್ಳದಂತೆ, ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜು ಹುಟ್ಟಿಸುವ ಕಾಯಿಲ್‌ಗೆ ಬರುವ ಸಪ್ಲೈ ವೈರನ್ನು ಕಿತ್ತು, ತುದಿಗೆ ಟೇಪು ಸುತ್ತಬೇಕು. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಅಂದರೆ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ ಒತ್ತಿ, ಇನ್ನೊಂದನ್ನು ಸೆಲ್ಫ್ ಮೋಟರಿನ ಮೈಗೆ ಒತ್ತಿ ಹಿಡಿಯಬೇಕು. ಜೊತೆಗಾರ ಕೀಲಿ ತಿರುಗಿಸಿದ ಕ್ಷಣದಲ್ಲಿ ಬರುವ ಅಂಕಿಯೇ ಮರಳುವ ದಾರಿಯಲ್ಲಿ ಸೋರಿಹೋಗುವ ವೋಲ್ಟೇಜು. ಅದು 0.2 ವೋಲ್ಟಿನ ಒಳಗಿರಬೇಕು. ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಟರ್ಮಿನಲ್ಲಿನವರೆಗೆ, ಸೊಲೆನಾಯ್ಡ್ ಸೇರಿ, ಸುಮಾರು 0.5 ವೋಲ್ಟಿನವರೆಗೆ ಒಪ್ಪಬಹುದು. ನಮ್ಮ ಗಾಡಿಯಲ್ಲಿ ಅರ್ಥ್ ಬದಿಯ ಅಂಕಿ 7ರ ಹತ್ತಿರ ಬಂತು. ಅದೇ ಹೊತ್ತಿಗೆ ಬ್ಯಾಟರಿಯ ಎರಡು ಕಂಬಗಳ ನಡುವೆ 12.1 ಇತ್ತು. ಈ ಎರಡು ಅಂಕಿಗಳನ್ನು ಜೊತೆಯಾಗಿ ಓದಬೇಕು. ಬ್ಯಾಟರಿಯೇ ದುರ್ಬಲವಾಗಿದ್ದರೆ ಸೆಲ್ಫ್ ಹೊಡೆದಾಗ ಅದು 9.5ಕ್ಕಿಂತ ಕೆಳಗೆ ಕುಸಿಯುತ್ತಿತ್ತು. ಕುಸಿಯದೆ ನಿಂತಿದೆ ಎಂದರೆ ಬ್ಯಾಟರಿ ಕೊಡಲು ತಯಾರಿದೆ, ನಡುವೆ ಯಾರೋ ತಡೆಯುತ್ತಿದ್ದಾರೆ ಎಂದರ್ಥ. ಪ್ರತಿ ಪ್ರಯತ್ನ ಹತ್ತು ಸೆಕೆಂಡು ಮೀರಬಾರದು. ನಡುವೆ ಮೋಟರ್ ಆರಲು ಒಂದೆರಡು ನಿಮಿಷ ಬಿಡಬೇಕು.

ಪಟ್ಟಿಯನ್ನು ಬಿಚ್ಚಿದಾಗ ಮೇಲಿನ ಬೋಲ್ಟು ಹೊಳೆಯುತ್ತಿತ್ತು, ಲಗ್ಗಿನ ಅಡಿಯಲ್ಲಿ ಮಾತ್ರ ತುಕ್ಕು ತುಂಬಿತ್ತು. ಹೆಣಿಗೆಯ ಎಳೆಗಳು ಹಸಿರಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಹುಬ್ಬಳ್ಳಿಯಿಂದ ಹೊಸ ಪಟ್ಟಿ ತಂದು, ಎರಡೂ ಕಡೆ ಉಸುಕಿನ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಈಗ ಅರ್ಥ್ ಬದಿಯ ಅಂಕಿ 0.15, ಸೆಲ್ಫ್ ತಿರುಗುವಾಗ ಬ್ಯಾಟರಿಯಲ್ಲಿ 10.6.

ಮೀಟರ್ ಇಲ್ಲದವರು ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡಬಹುದು. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್. ಮಂಕಾಗದೆ ಟಕ್ ಎಂದರೆ ದೋಷ ಬ್ಯಾಟರಿಯಿಂದ ಮುಂದಿನ ದಾರಿಯಲ್ಲಿದೆ. ಸದ್ದೇ ಇಲ್ಲದಿದ್ದರೆ ಕೀಲಿಯಿಂದ ಸೊಲೆನಾಯ್ಡಿಗೆ ಹೋಗುವ ಸಣ್ಣ ವೈರು. ಇದು ದಿಕ್ಕು ತೋರಿಸುತ್ತದೆ, ಜಾಗ ತೋರಿಸುವುದಿಲ್ಲ.

ಎಂಜಿನ್ ತಿರುಗತೊಡಗಿತು, ಆದರೆ ಹತ್ತಲಿಲ್ಲ. ಪ್ಲಗ್ಗಿನಲ್ಲಿ ಕಿಡಿಯಿರಲಿಲ್ಲ. ಇಲ್ಲಿಯೂ ಅದೇ ತತ್ವವನ್ನು ಸಣ್ಣ ಪ್ರಮಾಣದಲ್ಲಿ ಬಳಸಿದೆವು. ಸಪ್ಲೈ ವೈರನ್ನು ಮರಳಿ ಕೂಡಿಸಿ, ಇಗ್ನಿಷನ್ ಆನ್ ಮಾಡಿ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಟರ್ಮಿನಲ್ಲಿಗೂ ಎಂಜಿನ್ನಿನ ಮೈಗೂ ಮೀಟರ್ ಇಟ್ಟು, ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಬೇಕು. ಪಾಯಿಂಟ್ ತೆರೆದಾಗ ಬ್ಯಾಟರಿಯ ವೋಲ್ಟೇಜು, ಮುಚ್ಚಿದಾಗ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಯಾವಾಗಲೂ ಸೊನ್ನೆಯಿದ್ದರೆ ಕಾಯಿಲ್‌ಗೆ ಸಪ್ಲೈ ಬಂದಿಲ್ಲ, ಇಲ್ಲವೇ ಪಾಯಿಂಟಿನ ವೈರು ಅಥವಾ ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಶಾರ್ಟ್ ಆಗಿದೆ. ನಮ್ಮಲ್ಲಿ ಯಾವಾಗಲೂ 12ರ ಮೇಲಿತ್ತು: ಪಾಯಿಂಟುಗಳು ತಾಗಿದಂತೆ ಕಂಡರೂ ನಡುವಿನ ಆಕ್ಸೈಡ್ ವಿದ್ಯುತ್ತನ್ನು ಬಿಡುತ್ತಿರಲಿಲ್ಲ. ನುಣುಪು ಅರದಿಂದ ಎರಡೇ ಸಲ ಉಜ್ಜಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಅಂತರವನ್ನು ಫೀಲರ್ ಗೇಜಿನಿಂದ (ಅಳತೆಯ ತೆಳು ಪಟ್ಟಿ) 0.4 ಮಿಲಿಮೀಟರಿಗೆ ಕೂರಿಸಿದೆವು. ನೀಲಿ ಕಿಡಿ ಚಟಚಟ ಎಂದಿತು.

ಹಳೆಯ ಪೆಟ್ರೋಲನ್ನು ಬಸಿದು ಹೊಸದನ್ನು ಹಾಕಿದ್ದರಿಂದ ಮೂರನೆಯ ಯತ್ನಕ್ಕೆ ಎಂಜಿನ್ ಹತ್ತಿತು. ವೇಗ ಸ್ವಲ್ಪ ಏರಿಸಿದಾಗ ಬ್ಯಾಟರಿಯಲ್ಲಿ 14 ವೋಲ್ಟ್ ಕಂಡಿತು; 13.5ರಿಂದ 14.5ರ ನಡುವೆ ಇದ್ದರೆ ಚಾರ್ಜಿಂಗ್ ಸರಿಯಿದೆ ಎಂದು ತಿಳಿಯಬಹುದು. ಚಾರ್ಜಿಂಗಿಗೆ ಹಳೆಯ ಬಗೆಯ ಡೈನಮೋ ಇರುವ ಗಾಡಿಯಾದರೆ ನಿಧಾನಗತಿಯಲ್ಲಿ ಚಾರ್ಜಿಂಗಿನ ಕೆಂಪು ದೀಪ ಮಿಣುಕುವುದನ್ನು ದೋಷವೆಂದು ಎಣಿಸಬಾರದು, ವೇಗ ಏರಿದರೂ ಆರದಿದ್ದರೆ ಮಾತ್ರ ಮುಂದೆ ಹುಡುಕಬೇಕು. ಚೋಕ್ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಒಂದೆಡೆ ಕರಗಿತ್ತು, ಅದನ್ನು ಬದಲಿಸಿದೆವು.