ಬಿದ್ದ ಕಲ್ಲು, ಖಾಲಿ ಗುಂಡಿ

ಲೋಕ್‌ಮಾರಿಯಾಕೆರ್ ಫ್ರಾನ್ಸಿನ ಬ್ರಿಟನಿ ಕರಾವಳಿಯ ಸಣ್ಣ ಹಳ್ಳಿ. ಕಡಲಸಿಂಪಿ ಸಾಕಣೆಗೆ ಹೆಸರಾದದ್ದು. ಅಲ್ಲಿ ನಾಲ್ಕು ತುಂಡಾಗಿ ಬಿದ್ದಿರುವ ದೈತ್ಯ ನಿಲುವುಗಲ್ಲನ್ನು ನೋಡಿದವರೆಲ್ಲ ಇದನ್ನು ನಿಲ್ಲಿಸಿದ್ದು ಹೇಗೆ ಎಂದೇ ಕೇಳುತ್ತಾರೆ. ಕೇಳಬೇಕಾದದ್ದೇ. ತುಂಡುಗಳನ್ನು ಕೂಡಿಸಿದರೆ ಉದ್ದ 20 ಮೀಟರ್ ಮೀರುತ್ತದೆ, ತೂಕ 280 ಟನ್ನಿನ ಆಸುಪಾಸು. ಕಾಲ ಕ್ರಿ.ಪೂ. 4500ರ ಸುಮಾರು. ಹಲವು ಕಿಲೋಮೀಟರ್ ದೂರದಿಂದ ತಂದ ಕಲ್ಲು ಬೇರೆ. ನನ್ನ ಕುತೂಹಲ ಮಾತ್ರ ಇದು ಬಿದ್ದದ್ದು ಹೇಗೆ ಎಂಬುದರ ಮೇಲೆ.

ಭೂಕಂಪ ಎನ್ನುವವರಿದ್ದಾರೆ. ಬುಡದ ತುಂಡು ಒಂದು ದಿಕ್ಕಿಗೆ, ಉಳಿದ ಮೂರು ಇನ್ನೊಂದು ದಿಕ್ಕಿಗೆ ಬಿದ್ದಿರುವುದು ಅವರ ಆಧಾರ. ಉತ್ಖನನದ ಕಸುಬಿನವರಾದ ನಾವು ಕಲ್ಲಿಗಿಂತ ಗುಂಡಿಯನ್ನು ಹೆಚ್ಚು ನಂಬುತ್ತೇವೆ. ಒಮ್ಮೆ ಅಗೆದು ತುಂಬಿದ ಮಣ್ಣಿನ ಬಣ್ಣ ಸಾವಿರಾರು ವರ್ಷವಾದರೂ ಸುತ್ತಲಿನ ಮಣ್ಣಿನೊಂದಿಗೆ ಬೆರೆಯುವುದಿಲ್ಲ. ಈ ಕಲ್ಲಿನ ಪಕ್ಕದಲ್ಲೇ ಅಂಥ ಗುಂಡಿಗಳ ಸಾಲು ಸಿಕ್ಕಿದೆ. ಕಲ್ಲುಗಳಿಲ್ಲ. ಭೂಕಂಪ ಕಲ್ಲನ್ನು ಕೆಡವೀತು, ಹೊತ್ತೊಯ್ಯಲಾರದು.

ಇಂಥದೇ ಒಂದು ಕಲ್ಲಿನ ಜಾಡು ಹತ್ತಿರದಲ್ಲೇ ಇದೆ. ತಾಬ್ಲ್ ದೆ ಮಾರ್ಶಾಂ ಎಂಬ ಪಕ್ಕದ ಗೋರಿಯೊಳಗೆ ನಿಂತು ತಲೆಯೆತ್ತಿದರೆ ಚಾವಣಿಯ ಚಪ್ಪಡಿಯಲ್ಲಿ ಕೊರೆದ ಕೊಡಲಿ ಕಾಣುತ್ತದೆ. ಜೊತೆಗೆ ಪ್ರಾಣಿಯೊಂದರ ಮೈಯ ಭಾಗ. ಕಲ್ಲು ಒಡೆದ ಅಂಚಿಗೆ ಬಂದು ಗೆರೆಗಳು ತುಂಡಾಗುತ್ತವೆ. 1980ರ ದಶಕದಲ್ಲಿ, ಸುಮಾರು ನಾಲ್ಕು ಕಿಲೋಮೀಟರ್ ದೂರದ ಗಾವ್ರಿನಿ ಗೋರಿಯ ಮೇಲಿನ ಕಲ್ಲುರಾಶಿಯನ್ನು ಸರಿಸಿದಾಗ, ಪುರಾತತ್ವಜ್ಞ ಶಾರ್ಲ್ ತಾಂಗಿ ಲ ರೂ ಅವರಿಗೆ ಅಲ್ಲಿನ ಚಾವಣಿಯ ಹೊರಮೈಯಲ್ಲಿ ಉದ್ದ ಕೊಂಬಿನ ದನ ಸಿಕ್ಕಿತು. ಎರಡು ಚಪ್ಪಡಿಗಳ ಚಿತ್ರಗಳೂ ಕೂಡಿಕೊಳ್ಳುತ್ತವೆ. ಮೂಲದಲ್ಲಿ ಅದು ಸುಮಾರು 14 ಮೀಟರ್ ಎತ್ತರದ ಒಂದೇ ಕಲ್ಲು. ಕಲ್ಲುರಾಶಿಯಡಿ ಹೂತುಹೋಗುವ ಮೈಮೇಲೆ ಯಾರೂ ಅಷ್ಟು ಶ್ರಮಪಟ್ಟು ಚಿತ್ರ ಕೊರೆಯುವುದಿಲ್ಲ. ಚಿತ್ರ ಮೊದಲಿನದು, ಗೋರಿ ಆಮೇಲಿನದು.

ಗಾವ್ರಿನಿ ಇಂದು ದ್ವೀಪ. ಆಗ ಕಡಲಮಟ್ಟ ತಗ್ಗಿತ್ತು, ಅದೊಂದು ಗುಡ್ಡವಾಗಿತ್ತು. ಆದ್ದರಿಂದ ಚಪ್ಪಡಿಯನ್ನು ಸಮುದ್ರ ದಾಟಿಸಿದ ಸಾಹಸಗಾಥೆ ಬೇಡ. ನಡುವಿನ ನದಿ ದಾಟಿಸಿದ್ದೇನೂ ಸಣ್ಣ ಕೆಲಸವಲ್ಲ.

2025ರ ಜುಲೈಯಲ್ಲಿ ಈ ಪ್ರದೇಶದ ಬೃಹತ್‌ಶಿಲಾ ನೆಲೆಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಹಳೆಯ ಕಲ್ಲುಗಳನ್ನು ಹೊಸ ಪಂಥದವರು ಹಗೆಯಿಂದ ಒಡೆದರೆಂಬ ವಿವರಣೆ ಇನ್ನು ಹೆಚ್ಚು ಕೇಳಿಬರಬಹುದು. ನಾನು ಒಪ್ಪುವುದಿಲ್ಲ. ಹಗೆಯಿದ್ದವರು ಒಡೆದು ಬಿಸಾಡುತ್ತಿದ್ದರು; ಇವರು ನದಿ ದಾಟಿಸಿ, ತಮ್ಮ ಸತ್ತವರ ತಲೆಯ ಮೇಲೆ ಹೊದಿಸಿದ್ದಾರೆ.