ಚಿಂಟ್ಸ್: ಇಂಗ್ಲೆಂಡಿನ ಕಿಟಕಿಗೇರಿದ ಚೀಟಿ ಬಟ್ಟೆ

ಹೂವು, ಬಳ್ಳಿ, ಚುಕ್ಕೆಗಳನ್ನು ಅಚ್ಚು ಹಾಕಿದ ಹತ್ತಿ ಬಟ್ಟೆಗೆ ನಮ್ಮ ಹಿರಿಯರು ಚೀಟಿ ಬಟ್ಟೆ ಎನ್ನುತ್ತಿದ್ದರು. ಕಾಗದದ ಚೀಟಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಬೇರು ಉತ್ತರದ ಭಾಷೆಗಳ ‘ಛೀಂಟ್’, ಅಂದರೆ ಚುಕ್ಕೆ, ಸಿಡಿದ ಹನಿ. ಅದೇ ಪದ ಹಡಗು ಹತ್ತಿ ಇಂಗ್ಲಿಷಿಗೆ ಹೋಗಿ ‘ಚಿಂಟ್’ ಆಯಿತು. ಅದರ ಬಹುವಚನವನ್ನೇ ಏಕವಚನವೆಂದು ಭಾವಿಸಿ ಜನ ಬಳಸುತ್ತಾ ಹೋದರು. ‘ಚಿಂಟ್ಸ್’ ಎಂಬ ರೂಪ ನಿಂತದ್ದು ಹಾಗೆ.

ಮೊದಲು ಇದು ಅಗ್ಗದ ವಸ್ತುವಾಗಿರಲಿಲ್ಲ. ಮಚಲೀಪಟ್ಟಣದ ಕಡೆಯ ಕುಶಲಕರ್ಮಿಗಳು ಪಟಿಕದ ನೀರು, ಚಾಯ್ ಎಂಬ ಗಿಡದ ಬೇರಿನ ಕೆಂಪು, ನೀಲಿಗಳಿಂದ ಒಂದೊಂದು ಎಲೆಯನ್ನೂ ಕೈಯಾರೆ ಬರೆದ ಬಟ್ಟೆ ಅದು. ಒಗೆದರೂ ಮಾಸದ ಆ ಬಣ್ಣಕ್ಕೆ ಇಂಗ್ಲೆಂಡ್ ಎಷ್ಟು ಮರುಳಾಯಿತೆಂದರೆ, ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರು ದಂಗೆ ಎದ್ದರು. 1721ರಲ್ಲಿ ಅಂಗೀಕಾರವಾದ ಕಾನೂನು ಅಚ್ಚಿನ ಹತ್ತಿ ಬಟ್ಟೆಯನ್ನು ಉಡುವುದನ್ನೂ ಮನೆಯ ಅಲಂಕಾರಕ್ಕೆ ಬಳಸುವುದನ್ನೂ ಬಹುಮಟ್ಟಿಗೆ ನಿಷೇಧಿಸಿತು. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ ತಾನೇ ಹತ್ತಿ ನೂಲುವುದನ್ನು ಕಲಿತ ಮೇಲೆ, 1774ರಲ್ಲಿ, ಅಲ್ಲಿಯೇ ತಯಾರಾದ ಬಟ್ಟೆಯ ಮಟ್ಟಿಗೆ ಆ ನಿಷೇಧ ಸಡಿಲವಾಯಿತು.

ಬೆಲೆ ಇಳಿಸಿದ್ದು ಉರುಳೆ. ಮರದ ಅಚ್ಚನ್ನು ಗೇಣು ಗೇಣಿಗೆ ಎತ್ತಿ ಒತ್ತುತ್ತಿದ್ದ ಕಡೆ, ಕೆತ್ತನೆಯ ತಾಮ್ರದ ಉರುಳೆ ಎಡೆಬಿಡದೆ ತಿರುಗಿ ಬಟ್ಟೆಯನ್ನು ಮುದ್ರಿಸತೊಡಗಿತು. ಇದಕ್ಕೆ ತಾಮಸ್ ಬೆಲ್ 1783ರಲ್ಲಿ ಪೇಟೆಂಟ್ ಪಡೆದಿದ್ದ. 1831ರಲ್ಲಿ ಅಚ್ಚಿನ ಬಟ್ಟೆಯ ಮೇಲಿನ ಸುಂಕವೂ ಹೋಯಿತು. ಆರು ವರ್ಷಗಳ ಬಳಿಕ ವಿಕ್ಟೋರಿಯಾ ಪಟ್ಟಕ್ಕೆ ಬರುವ ಹೊತ್ತಿಗೆ, ಸಾಧಾರಣ ವರಮಾನದ ಮನೆಯ ಕಿಟಕಿ, ಮಂಚ, ಸೋಫಾಗಳಿಗೂ ಗುಲಾಬಿಗಳು ಹಬ್ಬುತ್ತಿದ್ದವು. 1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲಿನ ಡಾಂಬರಿನಿಂದ ನೇರಳೆ ಬಣ್ಣ ತೆಗೆದ ಮೇಲಂತೂ ಹಿಂದೆ ಕಾಣದ ಗಾಢ ಬಣ್ಣಗಳು ಬಂದವು.

ಬಟ್ಟೆ ಎಲ್ಲರ ಮನೆ ಸೇರಿದಂತೆ ಪದಕ್ಕೆ ಕುಂದು ಬಂತು. ‘ಚಿಂಟ್ಸಿ’ ಎಂದರೆ ಇಂದು ಇಂಗ್ಲಿಷಿನಲ್ಲಿ ಅಗ್ಗದ, ಕೀಳು ಅಭಿರುಚಿಯ ಎಂದರ್ಥ. ಮುಂದೆ ಜಾರ್ಜ್ ಎಲಿಯಟ್ ಎಂದು ಹೆಸರಾದ ಲೇಖಕಿ 1851ರಲ್ಲೇ ಪತ್ರವೊಂದರಲ್ಲಿ ಚುಕ್ಕೆಯ ಬಟ್ಟೆಯೊಂದನ್ನು ಕುರಿತು ಈ ಮಾತು ಬಳಸಿದ್ದಾರೆ: ಗುಣಮಟ್ಟ ಚೆನ್ನಾಗಿದೆ, ಆದರೆ ನೋಟ ಚಿಂಟ್ಸಿ. ಮರುವರ್ಷ ವಿನ್ಯಾಸ ಸುಧಾರಕ ಹೆನ್ರಿ ಕೋಲ್ ಲಂಡನ್ನಿನ ಮಾರ್ಲ್‌ಬರೋ ಹೌಸ್‌ನಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ‘ತಪ್ಪು ವಿನ್ಯಾಸ’ಗಳಿಗೆಂದೇ ಒಂದು ವಿಭಾಗವಿತ್ತು. ನಿಜದ ಹೂವನ್ನೇ ನಕಲು ಮಾಡುವ ಅಚ್ಚಿನ ಬಟ್ಟೆಗಳು ಅಲ್ಲಿ ಅಪರಾಧಿಗಳಂತೆ ನಿಂತಿದ್ದವು. ಹೊಗೆ ಕವಿದ ಊರಿನಲ್ಲಿ ಬದುಕುವವಳೊಬ್ಬಳು ಕಿಟಕಿಗೆ ಗುಲಾಬಿಯನ್ನು ಗುಲಾಬಿಯಂತೆಯೇ ಬಯಸಿದ್ದರಲ್ಲಿ ತಪ್ಪೇನೆಂದು ನನಗೆ ಇಂದಿಗೂ ತಿಳಿದಿಲ್ಲ.

ಈ ಚಿಂಟ್ಸ್‌ನ ಜೊತೆಯಲ್ಲೇ ತಿಳಿಯಬೇಕಾದ ಇನ್ನೊಂದು ಅಚ್ಚಿನ ಬಟ್ಟೆಯ ಹೆಸರು ಕ್ರೆಟಾನ್. ಮನೆಯ ಅಲಂಕಾರಕ್ಕೆ ಬಳಸುತ್ತಿದ್ದ ಚಿಂಟ್ಸ್‌ಗೆ ಸಾಮಾನ್ಯವಾಗಿ ಮೇಣ ಅಥವಾ ಗಂಜಿ ಹಾಕಿ, ಉರುಳೆಗಳ ನಡುವೆ ಒತ್ತಿ ಹೊಳಪು ಕೊಡುತ್ತಿದ್ದರು. ಧೂಳು ಬೇಗ ಹಿಡಿಯದು, ಆದರೆ ನೀರಿಗೆ ಹಾಕಿದರೆ ಹೊಳಪು ಹೋಗುತ್ತದೆ. ಫ್ರಾನ್ಸಿನಿಂದ ಹೆಸರು ಪಡೆದು 1860ರ ದಶಕದ ಬಳಿಕ ಇಂಗ್ಲೆಂಡಿನಲ್ಲಿ ಹರಡಿದ ಕ್ರೆಟಾನ್‌ಗೆ ಹೊಳಪೇ ಇಲ್ಲ. ಅದು ದಪ್ಪ, ಮಂದ, ಸ್ವಲ್ಪ ಒರಟು. ಮನೆಯಲ್ಲೇ ಒಗೆದು ಮತ್ತೆ ತೂಗುಹಾಕಬಹುದಾಗಿತ್ತು. ಕೆಲವನ್ನು ಎರಡೂ ಬದಿಗೆ ಮುದ್ರಿಸುತ್ತಿದ್ದರು. ಅಂಥ ಪರದೆಗೆ ಒಳಗಿನ ಅಸ್ತರಿ ಬೇಕಿರಲಿಲ್ಲ, ಬೀದಿಯಲ್ಲಿ ನಿಂತವರಿಗೂ ಹೂವೇ ಕಾಣುತ್ತಿತ್ತು.